ಏಳನೇ ಚಾನೆಲ್ಲಿನ ಅಕ್ಕ

ಇಷ್ಟು ವರ್ಷ ಏನು ಕೆಲಸ ಮಾಡಿದೆ ಅಂತ ಯಾರಾದರೂ ಕೇಳಿದರೆ, ಸಿನಿಮಾ ಹಾಡು ರೆಕಾರ್ಡ್ ಮಾಡುತ್ತಿದ್ದೆ ಅನ್ನುತ್ತೇನೆ. ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ನಾನು ಹದಿನೈದು ವರ್ಷ ಒಬ್ಬ ಹೆಂಗಸಿನ ದನಿಯನ್ನು ಅಳಿಸಿದೆ. ಅದನ್ನೂ ಅಚ್ಚುಕಟ್ಟಾಗಿಯೇ ಮಾಡಿದೆ. ನನ್ನ ಕೆಲಸದಲ್ಲಿ ಯಾರೂ ಬೆರಳಿಟ್ಟು ತಪ್ಪು ತೋರಿಸುವಂತಿರಲಿಲ್ಲ.

ಅವಳನ್ನು ಸ್ಟುಡಿಯೋದಲ್ಲಿ ಎಲ್ಲರೂ ಟ್ರ್ಯಾಕಕ್ಕ ಅನ್ನುತ್ತಿದ್ದರು. ನನಗೆ ಬರೀ ಅಕ್ಕ. ಒಡಹುಟ್ಟಿದವಳಲ್ಲ, ಆದರೂ ಇಪ್ಪತ್ತೆರಡು ವರ್ಷ ಒಂದೇ ಗಾಜಿನ ಆಚೆ ಈಚೆ ಕೂತವರಿಗೆ ಬೇರೆ ಯಾವ ಸಂಬಂಧ ಹೇಳುವುದು? ಅವಳು ಗಾಜಿನ ಆಚೆ, ಮೈಕಿನ ಮುಂದೆ. ನಾನು ಈಚೆ, ಗುಂಡಿಗಳ ಮುಂದೆ.

ಸಿನಿಮಾ ಹಾಡು ಹುಟ್ಟುವ ರೀತಿ ಗೊತ್ತಿಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ. ಹೆಸರಾದ ಗಾಯಕಿಗೆ ಬಿಡುವಿರುವುದಿಲ್ಲ. ನಮ್ಮಲ್ಲಿ ಹಾಡುತ್ತಿದ್ದ ಹೆಸರಾದವರನ್ನು ನಾವು ಮೇಡಂ ಅನ್ನುತ್ತಿದ್ದೆವು. ಮೇಡಂ ಬರುವ ಹೊತ್ತಿಗೆ ವಾದ್ಯಗಳೆಲ್ಲ ಟೇಪಿಗೆ ಹತ್ತಿರಬೇಕು, ಅದರ ಮೇಲೆ ಇನ್ನೊಬ್ಬರು ಇಡೀ ಹಾಡನ್ನು ಹಾಡಿಟ್ಟಿರಬೇಕು. ಮೇಡಂ ಅದನ್ನು ಹೆಡ್‌ಫೋನಿನಲ್ಲಿ ಎರಡು ಸಲ ಕೇಳಿ, ಕಲಿತು, ತಮ್ಮ ದನಿಯಲ್ಲಿ ಹಾಡಿ ಕಾರು ಹತ್ತುತ್ತಾರೆ. ಮೊದಲು ಹಾಡಿಟ್ಟದ್ದಕ್ಕೆ ಟ್ರ್ಯಾಕ್ ಅಂತ ಹೆಸರು. ನಮ್ಮ ಅಗಲದ ಟೇಪಿನಲ್ಲಿ ಎಂಟು ಚಾನೆಲ್ಲು, ಅಂದರೆ ಒಂದರ ಪಕ್ಕ ಒಂದರಂತೆ ಎಂಟು ಸಾಲು. ಆರು ಸಾಲಿನಲ್ಲಿ ವಾದ್ಯ, ಏಳರಲ್ಲಿ ಅಕ್ಕ, ಎಂಟರಲ್ಲಿ ಮೇಡಂ. ಅಕ್ಕನ ಮೈಕಿನ ವೈರನ್ನು ಏಳಕ್ಕೇ ಬೆಸುಗೆ ಹಾಕಿಟ್ಟಿದ್ದೆ. ದಿನಾ ಕಿತ್ತು ಚುಚ್ಚುವ ತಾಪತ್ರಯ ಯಾಕೆ ಅಂತ.

"ಟ್ರ್ಯಾಕು ಅಂದ್ರೆ ದರ್ಜಿ ಹಾಕೋ ಕಚ್ಚಾ ಹೊಲಿಗೆ ಕಣೋ ತಮ್ಮಾ," ಅಂತ ಅಕ್ಕ ಹೇಳುತ್ತಿದ್ದಳು. "ಪಕ್ಕಾ ಹೊಲಿಗೆ ಬಿದ್ಮೇಲೆ ದಾರ ಕಿತ್ತು ಬಿಸಾಕ್ತಾರೆ. ದಾರಕ್ಕೆ ಬೇಜಾರಾಗಬಾರದು."

ಬೇಜಾರಾಗುತ್ತಿತ್ತೋ ಇಲ್ಲವೋ, ಹಾಡುತ್ತಿದ್ದದ್ದಂತೂ ಹಾಗೆಯೇ. ಎಲ್ಲೂ ತನ್ನ ಗುರುತು ಬಿಡುತ್ತಿರಲಿಲ್ಲ. ಮೇಡಂಗೆ ಎಲ್ಲಿ ಒಂದು ಬಳುಕು ಸೇರಿಸುವ ಆಸೆಯಾಗಬಹುದು, ಎಲ್ಲಿ ಉಸಿರು ಸಾಲದೆ ಹೋಗಬಹುದು ಅಂತ ಮೊದಲೇ ಯೋಚಿಸಿ ಅಲ್ಲಲ್ಲಿ ಜಾಗ ಬಿಟ್ಟು ಹಾಡುತ್ತಿದ್ದಳು. ಹಾಡು ಕಲಿಯುವುದು ಅಂದರೆ ಉಸಿರು ಕದಿಯುವುದು ಕಲಿಯೋದು, ಸ್ವರ ಯಾರು ಬೇಕಾದರೂ ಕಲಿತಾರು ಅನ್ನುವುದು ಅವಳ ಮತ. ಮೇಡಂ ಶ್ರುತಿ ತಪ್ಪಿದರೆ ಅದು ಶೈಲಿ, ಅಕ್ಕ ತಪ್ಪಿದರೆ ಇನ್ನೊಂದು ಟೇಕು. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅಂತ ಅವಳೇ ನಗುತ್ತಿದ್ದಳು.

ಹಾಡುವುದಷ್ಟೇ ಅಲ್ಲ, ರಾಗ ಕಟ್ಟುತ್ತಿದ್ದವಳೂ ಅವಳೇ. ಪೋಸ್ಟರಿನ ಮೇಲೆ ಸಂಗೀತ ಅಂತ ಯಾರ ಹೆಸರಿರುತ್ತಿತ್ತೋ ಅವರನ್ನು ನಾವು ಮೇಷ್ಟ್ರು ಅನ್ನುತ್ತಿದ್ದೆವು. ಮೇಷ್ಟ್ರು ಬೆಳಿಗ್ಗೆ ಒಂದು ಸಾಲು ಗುನುಗಿ, "ಇದನ್ನ ಸ್ವಲ್ಪ ನೋಡಮ್ಮ" ಅಂತ ಹೇಳಿ ಹೊರಗೆ ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಪಲ್ಲವಿ, ಎರಡು ಚರಣ, ನಡುವಿನ ವಾದ್ಯದ ತುಂಡುಗಳು ಎಲ್ಲ ಸಿದ್ಧವಾಗಿರುತ್ತಿದ್ದವು. ಮೇಷ್ಟ್ರು ಬಂದು ಕೇಳಿ, "ನಾನು ಅಂದ್ಕೊಂಡಿದ್ದೂ ಇದನ್ನೇ" ಅನ್ನುತ್ತಿದ್ದರು. ಅವರು ಕೆಟ್ಟವರೇನಲ್ಲ. ನಿಜವಾಗಿಯೂ ಹಾಗೇ ನಂಬಿದ್ದರು, ಅದೇ ಇನ್ನೂ ಕಷ್ಟ.

ಅಕ್ಕನಿಗೆ ಒಂದು ವಿಚಿತ್ರ ಅಭ್ಯಾಸ. ತಾನು ಹಾಡಿದ್ದನ್ನು ಮತ್ತೆ ಕೇಳುತ್ತಿರಲಿಲ್ಲ. ಟೇಕ್ ಮುಗಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕೇಳಿದರೆ ತಿದ್ದಬೇಕು ಅನ್ನಿಸುತ್ತೆ, ತಿದ್ದಿದರೆ ನನ್ನದು ಅನ್ನಿಸುತ್ತೆ, ಆಮೇಲೆ ಅಳಿಸೋದು ಕಷ್ಟ ಅನ್ನುವುದು ಅವಳ ಲೆಕ್ಕ. ನನ್ನನ್ನೂ ಛೇಡಿಸದೆ ಬಿಡುತ್ತಿರಲಿಲ್ಲ. ನನ್ನ ಮುಂದೆ ದನಿ ಅಳೆಯುವ ಎಂಟು ಮೀಟರು, ಪ್ರತಿಯೊಂದರಲ್ಲೂ ಒಂದು ಮುಳ್ಳು. ದನಿ ಜೋರಾದರೆ ಮುಳ್ಳು ಕೆಂಪಿಗೆ ಹೋಗುತ್ತದೆ, ಹಾಡು ಒಡೆಯುತ್ತದೆ. ಕೆಂಪು ದಾಟದ ಹಾಗೆ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು.

"ನೀನೆಲ್ಲಿ ಹಾಡು ಕೇಳ್ತೀಯ? ನಿನ್ನ ಕಿವಿ ಕಣ್ಣಲ್ಲಿದೆ," ಅಂತ ರೇಗಿಸುತ್ತಿದ್ದಳು. ನಾನು ಅದನ್ನು ಹೊಗಳಿಕೆ ಅಂದುಕೊಂಡಿದ್ದೆ.

ಭಾವ, ಅಂದರೆ ಅಕ್ಕನ ಗಂಡ, ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದವನು, ಬೇಗ ತೀರಿಕೊಂಡ. ಇದ್ದವಳು ಒಬ್ಬಳೇ ಮಗಳು. ನಾವು ಪುಟ್ಟಿ ಅನ್ನುತ್ತಿದ್ದೆವು. ಶಾಲೆ ಮುಗಿಸಿ ಸ್ಟುಡಿಯೋಗೆ ಬಂದು, ನನ್ನ ಕುರ್ಚಿಯ ಹಿಂದೆ ಖಾಲಿ ಟೇಪ್ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಆಡುತ್ತಿದ್ದಳು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಆದ ಒಂದು ಸಂಗತಿಯಿಂದಲೇ ಮುಂದಿನದೆಲ್ಲ ಆಯಿತು.

ಒಂದು ಹಾಡು. ಅದರ ಕೊನೆಯಲ್ಲಿ ಮಾತಿಲ್ಲದ ಗುನುಗು ಇತ್ತು, ಮೇಲಿನ ಸ್ವರದಲ್ಲಿ ಹದಿನೈದು ಸೆಕೆಂಡು. ಮೇಡಂಗೆ ಅವತ್ತು ನೆಗಡಿ, ಅಷ್ಟು ಮೇಲೆ ಹೋಗಲಾಗಲಿಲ್ಲ. ವಿಮಾನಕ್ಕೂ ಹೊತ್ತಾಗಿತ್ತು, ಹೊರಟುಬಿಟ್ಟರು. ಮೇಷ್ಟ್ರು ನನ್ನ ಕಡೆ ತಿರುಗಿ, "ಏನಯ್ಯಾ, ಕೊನೇಲಿ ಏಳನ್ನ ಎತ್ತಿಬಿಡು," ಅಂದರು. ನಾನು ಏಳರ ದನಿ ಎತ್ತಿದೆ. ಹಾಡು ಮೇಡಂದು, ಗುನುಗು ಅಕ್ಕನದು, ಸೇರಿಕೆ ಯಾರಿಗೂ ಗೊತ್ತಾಗಲಿಲ್ಲ. ಮೇಷ್ಟ್ರು ಅಕ್ಕನನ್ನು ಕರೆದು, "ಇದು ಮೇಡಂದೇ. ನಾಳೆ ಯಾರೇ ಕೇಳಿದ್ರೂ ಮೇಡಂದೇ," ಅಂತ ಮಾತು ತಗೊಂಡರು.

ಹಾಡು ಮನೆಮಾತಾಯಿತು. ಬೇರೆ ಯಾರಿಗೆ ಗೊತ್ತಾಗದಿದ್ದರೂ ಮಗಳಿಗೆ ತಾಯಿಯ ಉಸಿರು ಗೊತ್ತಾಗದೆ ಇರುತ್ತದೆಯೇ? ಪುಟ್ಟಿ ಕ್ಲಾಸಿನಲ್ಲಿ ಹೇಳಿದಳು, ಆ ಗುನುಗು ನಮ್ಮಮ್ಮಂದು ಅಂತ. ಮಕ್ಕಳು ನಕ್ಕರು. ಇವಳು ಹಟ ಹಿಡಿದು ಒಬ್ಬಳನ್ನು ತಳ್ಳಿದಳು. ಟೀಚರು ತಾಯಿಯನ್ನು ಕರೆಸಿದರು. ಅಕ್ಕ ಹೋದಳು. ಸುಣ್ಣ ಬಳಿದ ಸಣ್ಣ ಕೋಣೆ, ಮೇಜಿನ ಈಚೆ ಒಂದೇ ಕುರ್ಚಿ, ಗೋಡೆಗೆ ಒರಗಿ ನಿಂತ ಮಗಳು. ಟೀಚರು ಜೋರೇನೂ ಮಾಡಲಿಲ್ಲವಂತೆ. ನಗುತ್ತಲೇ, "ನೀವೇ ಹಾಡಿದ್ದಂತೆ, ಹೌದಾ?" ಅಂತ ಕೇಳಿದರಂತೆ.

"ಇಲ್ಲ. ನಾನಲ್ಲ," ಅಂದಳಂತೆ ಅಕ್ಕ.

ಇದನ್ನು ಅವಳು ನನಗೆ ಮರುದಿನ ಮೈಕಿನ ಮುಂದೆ ನಿಂತೇ ಹೇಳಿದಳು. ನಾನು ಗಾಜಿನ ಈಚೆ ಹೆಡ್‌ಫೋನಿನಲ್ಲಿ ಕೇಳಿದೆ. "ಮಾತು ಕೊಟ್ಟಿದ್ದೆ ಕಣೋ. ಕೆಲಸ ಹೋದ್ರೆ ಇಬ್ಬರೂ ಬೀದಿಗೆ ಬೀಳ್ತೀವಿ. ಆದ್ರೆ ಅವಳು ನನ್ನ ಮುಖ ನೋಡಿದಳು ನೋಡು..." ಅಂದವಳು ಹೆಡ್‌ಫೋನ್ ಹಾಕಿಕೊಂಡು ಟೇಪು ಓಡಿಸು ಅಂತ ಕೈ ಮಾಡಿದಳು. ಆವತ್ತು ನಾಲ್ಕು ಟೇಕ್ ಕೆಟ್ಟವು.

ಪುಟ್ಟಿ ಮೂರು ದಿನ ಮನೆಯಲ್ಲಿ ಮಾತಾಡಲಿಲ್ಲ. ನಾಲ್ಕನೇ ದಿನದಿಂದ ಮಾತಾಡಿದಳು, ಆದರೆ ತಾಯಿ ಮನೆಯಲ್ಲಿ ಹಾರ್ಮೋನಿಯಂ ತೆರೆದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು. ಸ್ಟುಡಿಯೋಗೆ ಬರುವುದನ್ನು ಬಿಟ್ಟಳು. ಇನ್ನೊಂದನ್ನೂ ಬಿಟ್ಟಳು, ಸುಳ್ಳು ಹೇಳುವುದನ್ನು. ಸಣ್ಣಪುಟ್ಟದ್ದನ್ನೂ ಹೇಳುತ್ತಿರಲಿಲ್ಲ. ಮನೆಗೆ ಬಂದವರು ಮಗು ನನ್ನ ಹಾಗಿದೆಯಾ ಅಂದರೆ ಇಲ್ಲ ಅಂತ ಮುಖದ ಮೇಲೆ ಹೇಳುವ ಹುಡುಗಿಯಾದಳು. ದೊಡ್ಡವಳಾಗಿ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಳು. ಅವಳ ಕಣ್ಣು ತಪ್ಪಿಸಿ ಒಂದು ತಪ್ಪೂ ಅಚ್ಚಾಗುತ್ತಿರಲಿಲ್ಲವಂತೆ.

ಶಾಲೆಯ ಸುದ್ದಿ ಹೇಗೋ ಮೇಷ್ಟ್ರ ಕಿವಿಗೂ ಬಿತ್ತು. ಹೆದರಿದರು. ಟೇಪಿನಲ್ಲಿ ಟ್ರ್ಯಾಕ್ ಉಳಿದರೆ ತಾನೆ ಯಾರಾದರೂ ಹೋಲಿಸಿ ನೋಡುವುದು? "ಇವತ್ತಿಂದ ಮೇಡಂ ಹಾಡಿ ಹೋದ ಕೂಡಲೇ ಏಳು ಅಳಿಸಿಬಿಡಬೇಕು. ನೀನೇ ಅಳಿಸಬೇಕು. ಮರೀಬೇಡ," ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅದಕ್ಕೆ ಮುಂಚೆ ಅಕ್ಕನ ಟ್ರ್ಯಾಕುಗಳು ತಿಂಗಳುಗಟ್ಟಲೆ ಟೇಪಿನಲ್ಲೇ ಬಿದ್ದಿರುತ್ತಿದ್ದವು. ಅವತ್ತಿನಿಂದ ಒಂದು ದಿನವೂ ಉಳಿಯಲಿಲ್ಲ. ಹಳೆಯವನ್ನೂ ಹುಡುಕಿ ಅಳಿಸಿದೆ. ಹಾಡು ಶುರುವಾಗುವ ಜಾಗಕ್ಕೆ ಟೇಪು ತಂದು, ಏಳನ್ನು ಒತ್ತಿ, ಕೆಂಪು ದೀಪ ಹತ್ತಿದ ಮೇಲೆ ರೆಕಾರ್ಡ್ ಗುಂಡಿ ಒತ್ತಿ ಓಡಿಸುವುದು. ಟೇಪು ನಿಂತರೆ ರೆಕಾರ್ಡ್ ಗುಂಡಿ ತಾನೇ ಬಿಡುತ್ತದೆ, ಏಳರ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ನಾಲ್ಕೂವರೆ ನಿಮಿಷ. ಅಷ್ಟು ಹೊತ್ತು ನಾನು ಟೀ ಕುಡಿಯುತ್ತಿದ್ದೆ. ಮೊದಮೊದಲು ಒತ್ತುವ ಮುಂಚೆ ಚಾನೆಲ್ಲಿನ ಅಂಕಿಯನ್ನು ಎರಡು ಸಲ ನೋಡುತ್ತಿದ್ದೆ. ಆಮೇಲೆ ಕೈಗೆ ತಲೆಯ ಅಪ್ಪಣೆಯೇ ಬೇಕಾಗದಷ್ಟು ರೂಢಿಯಾಯಿತು.

ಹೀಗೆ ಹದಿನೈದು ವರ್ಷ.

ಹದಿನೈದನೇ ವರ್ಷದ ಮೊದಲಲ್ಲಿ ಅಕ್ಕನ ದನಿ ಒರಟಾಯಿತು. ನೆಗಡಿ ಅಂದುಕೊಂಡೆವು. ಬಿಸಿನೀರು, ಉಪ್ಪು ಎಲ್ಲ ಆಯಿತು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಗಂಟಲೊಳಗೆ ದೀಪ ಬಿಟ್ಟು ನೋಡಿ, ಗಂಟು ಕೆಟ್ಟದ್ದು ಅಂದರು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಬದುಕಬಹುದು, ಮಾತು ಬರುವುದಿಲ್ಲ ಅಂದರು. ಬರುವ ತಿಂಗಳು ಎರಡನೇ ಸೋಮವಾರ ಅಂತ ದಿನ ಕೊಟ್ಟರು.

ಅಕ್ಕ ನೇರ ಸ್ಟುಡಿಯೋಗೆ ಬಂದಳು. ಮೆಟ್ಟಿಲ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತೆ.

"ಯಾರೋ ಬಂದು ಹಾಡ್ತಾರೆ ಅಂತ ಜೀವನ ಪೂರ್ತಿ ಜಾಗ ಬಿಟ್ಟುಕೊಂಡು ಹಾಡ್ದೆ," ಅಂದಳು. "ಈಗ ನೋಡು, ಬರೀ ಜಾಗ ಉಳಿಯೋ ಕಾಲ ಬಂತು."

ಡಾಕ್ಟರು ಒಳ್ಳೆಯವರಂತೆ ಅಂದೆ.

"ತಮ್ಮಾ, ನಂಗೊಂದು ಹಾಡು ಬೇಕು. ನನ್ನ ರಾಗ, ನನ್ನ ಮಾತು, ನನ್ನ ದನಿ. ಸಿನಿಮಾಕ್ಕಲ್ಲ. ಪುಟ್ಟಿಗೆ. ಅವತ್ತು ನಾನಲ್ಲ ಅಂದೆನಲ್ಲ, ಈಗ ಇದು ನಾನೇ ಅಂತ ಹೇಳಿ ಹಾಡ್ಬೇಕು. ಆಮೇಲೆ ಗಂಟಲು ಏನಾದ್ರೂ ಆಗ್ಲಿ."

ಆಗಲಿ ಅಂದೆ. ಅದೊಂದೇ ಅವಳು ನನ್ನಲ್ಲಿ ಕೇಳಿದ್ದು.

ಪುಟ್ಟಿ ಕೆಲಸಕ್ಕೆ ಹೋದ ಹೊತ್ತಲ್ಲಿ ಮನೆಯಲ್ಲೇ ಒಬ್ಬಳೇ ಕೂತು ಹಾಡು ಕಟ್ಟಿದಳು, ಮೂರು ವಾರ ಹಿಡಿಯಿತು. ಮೇಷ್ಟ್ರಿಗೆ ಅರ್ಧ ದಿನದಲ್ಲಿ ಕಟ್ಟಿಕೊಡುತ್ತಿದ್ದವಳಿಗೆ ತನ್ನದು ಅಂದಾಗ ಎರಡನೇ ಚರಣ ಕೂಡಿಬರಲಿಲ್ಲ. "ಇದರಲ್ಲಿ ಯಾರಿಗೂ ಜಾಗ ಬಿಡೋ ಹಾಗಿಲ್ಲ. ಅದೇ ಕಷ್ಟ," ಅನ್ನುತ್ತಿದ್ದಳು. ಮಾತುಗಳನ್ನು ಎಲ್ಲೂ ಬರೆದಿಡಲಿಲ್ಲ. ಬರೆದಿಟ್ಟರೆ ಪುಟ್ಟಿ ಮೊದಲೇ ಓದಿ ಕೆಂಪು ಪೆನ್ನಲ್ಲಿ ತಿದ್ದುತ್ತಾಳೆ ಅಂತ ನಕ್ಕಳು. ಶನಿವಾರ ಕೊಳಲಿನವರನ್ನೂ ತಾಳದವರನ್ನೂ ಕರೆದು, ತಾನೇ ಹಾರ್ಮೋನಿಯಂ ನುಡಿಸಿ, ವಾದ್ಯಗಳನ್ನೆಲ್ಲ ಮುಗಿಸಿದಳು. ಅವರಿಗೆ ಹಾಡು ಕೇಳಿಸಲಿಲ್ಲ. ಅವರಿಗೆ ಕೊಟ್ಟದ್ದು ಬರೀ ನಡುವಿನ ತುಂಡುಗಳು, ಹಾಡುವ ಕಡೆಯೆಲ್ಲ ಬರೀ ತಾಳ.

ಭಾನುವಾರ ಬೆಳಿಗ್ಗೆ ನಾವಿಬ್ಬರೇ. ಸಂಜೆ ಆಸ್ಪತ್ರೆಗೆ ಸೇರಬೇಕಿತ್ತು. ಅಕ್ಕ ಹೊಸ ಬಟ್ಟೆ ಉಟ್ಟು ಬಂದಿದ್ದಳು. ಮೈಕಿನ ಮುಂದೆ ನಿಂತು, "ಪುಟ್ಟೀ, ಇದು ನಾನೇ. ನಿಮ್ಮಮ್ಮನೇ ಹಾಡ್ತಿರೋದು. ಕೇಳು," ಅಂದಳು. ಆಮೇಲೆ ನನ್ನ ಕಡೆ ನೋಡಿ, "ತಮ್ಮಾ, ಶುರು ಮಾಡ್ಲಾ?" ಅಂದಳು. ನಾನು ಕೈ ಎತ್ತಿದೆ.

ಒಂದೇ ಟೇಕು. ಎರಡನೇ ಟೇಕಿಗೆ ಗಂಟಲಲ್ಲಿ ಶಕ್ತಿ ಇರಲಿಲ್ಲ. ಮುಗಿದ ಮೇಲೆ ಎಂದಿನ ಹಾಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ನಾನು ಡಬ್ಬಿಯ ಮೇಲೆ ಅಕ್ಕ ಅಂತ ಬರೆದೆ. ನಾಳೆ ಆಪರೇಷನ್‌ಗೆ ಕರೆದೊಯ್ಯುವ ಮೊದಲು ಕ್ಯಾಸೆಟ್ಟು ನಿನ್ನ ಕೈಯಲ್ಲಿರುತ್ತೆ, ನೀನೇ ಪುಟ್ಟಿಗೆ ಕೊಡುವೆಯಂತೆ ಅಂದೆ.

ಸೋಮವಾರ ಎಂಟೂವರೆಗೆ ಸ್ಟುಡಿಯೋ ಬಾಗಿಲು ತೆಗೆದೆ. ಆಪರೇಷನ್ ಹನ್ನೊಂದಕ್ಕೆ. ಆಸ್ಪತ್ರೆ ಇಪ್ಪತ್ತು ನಿಮಿಷದ ದಾರಿ. ಬೇಕಾದಷ್ಟು ಹೊತ್ತಿತ್ತು. ಮೆಷಿನ್ ಹಾಕಿದೆ. ಟೇಪು ಏರಿಸಿದೆ. ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡೆ. ಹಾಡು ಶುರುವಾಗುವ ಜಾಗಕ್ಕೆ ಟೇಪು ತಂದು ಓಡಿಸಿದೆ. ಕಿಟಕಿಯ ಹತ್ತಿರ ನಿಂತು ಟೀ ಕುಡಿಯುತ್ತಾ, ಎದುರು ಮನೆಯವನು ಏಣಿಗೆ ಬಣ್ಣ ಬಳಿಯುವುದನ್ನು ನೋಡಿದೆ. ಅಕ್ಕನ ಬಗ್ಗೆಯೇ ಯೋಚಿಸುತ್ತಿದ್ದೆ. ದೇವರಾಣೆ, ಅವಳ ಬಗ್ಗೆಯೇ.

ಟೇಪು ನಿಂತಿತು. ತಿರುಗಿ ಬಂದು ಕೂತೆ, ಕ್ಯಾಸೆಟ್ಟಿಗೆ ಇಳಿಸಲು ಮೊದಲಿಂದ ಹಾಕಿದೆ. "ಪುಟ್ಟೀ, ಇದು ನಾನೇ," ಅಂದಳು. "ಶುರು ಮಾಡ್ಲಾ?" ಅಂದಳು. ಹಾರ್ಮೋನಿಯಂ ಬಂತು, ಕೊಳಲು ಬಂತು. ಪಲ್ಲವಿ ಬರಬೇಕಾದ ಕಡೆ ತಾಳ ಬಿಟ್ಟರೆ ಏನೂ ಬರಲಿಲ್ಲ. ವೈರು ಸಡಿಲವಾಗಿದೆ ಅಂದುಕೊಂಡು ಮೇಜಿನ ಕೆಳಗೆ ಬಗ್ಗಿದೆ. ಎದ್ದಾಗ ಕಣ್ಣಿಗೆ ಬಿತ್ತು. ಏಳನೇ ಚಾನೆಲ್ಲಿನ ಕೆಂಪು ದೀಪ ಉರಿಯುತ್ತಿತ್ತು.

ನಾನು ಒತ್ತಿದ್ದು ನನಗೆ ನೆನಪಿಲ್ಲ. ಇವತ್ತಿಗೂ ನೆನಪಿಲ್ಲ. ಯಾರು ಒತ್ತಿದರು ಅಂತ ಹುಡುಕುವ ಹಾಗೂ ಇಲ್ಲ, ಬಾಗಿಲ ಬೀಗ ನಾನೇ ತೆಗೆದದ್ದು. ಹದಿನೈದು ವರ್ಷ ಏಳರಲ್ಲಿ ಅವಳ ದನಿ ಇದ್ದರೆ ಅಳಿಸುವುದು ಅಂತ ಕೈಗೆ ಕಲಿಸಿದ್ದೆ, ಕೈ ಕಲಿತದ್ದನ್ನು ಮಾಡಿತು. ಹಾರ್ಮೋನಿಯಂ ಮೈಕಿನಲ್ಲಾದರೂ ಒಂದಿಷ್ಟು ದನಿ ಸೋರಿ ಉಳಿದಿರಬಹುದೇ ಅಂತ ಒಂದೊಂದೇ ಚಾನೆಲ್ಲು ಎತ್ತಿ ಕೇಳಿದೆ. ಅವು ಶನಿವಾರವೇ ಮುಗಿದ ವಾದ್ಯಗಳು, ಸೋರುವುದೆಲ್ಲಿಂದ? ಗೊತ್ತಿದ್ದೂ ಕೇಳಿದೆ. ಆಮೇಲೆ ಬುದ್ಧಿ ಬಂತು. ಇನ್ನೂ ಹೊತ್ತಿದೆ, ಅವಳ ಗಂಟಲು ಇನ್ನೂ ಅವಳ ಹತ್ತಿರವೇ ಇದೆ. ಸಣ್ಣ ಟೇಪ್ ರೆಕಾರ್ಡರ್ ಕಂಕುಳಲ್ಲಿ ಇಟ್ಟುಕೊಂಡು ಓಡಿದೆ. ಆಸ್ಪತ್ರೆಯ ಮಂಚದ ಮೇಲಾದರೂ ಸರಿ, ಇನ್ನೊಮ್ಮೆ ಹಾಡಿಸುತ್ತೇನೆ, ಕಾಲು ಹಿಡಿದಾದರೂ ಹಾಡಿಸುತ್ತೇನೆ ಅಂತ.

ವಾರ್ಡಿಗೆ ಹೋದಾಗ ಹತ್ತಕ್ಕೆ ಹತ್ತು ನಿಮಿಷ. ಮಂಚ ಖಾಲಿ. ಪುಟ್ಟಿ ಕಾಲುಗಳ ನಡುವೆ ತಾಯಿಯ ಚಪ್ಪಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು.

"ಮೊದಲನೇ ರೋಗಿಗೆ ಜ್ವರ ಅಂತ ಅಮ್ಮನ್ನ ಮುಂಚೇನೇ ಕರ್ಕೊಂಡು ಹೋದ್ರು ಮಾಮ. ಆಗ್ಲೇ ಅರ್ಧ ಗಂಟೆ ಆಯ್ತು. ಏನೋ ಕೊಡ್ತೀರ ಅಂತ ನಿಮಗೇ ಕಾಯ್ತಿದ್ಲು. ಏನು?"

"ಆಮೇಲೆ ಕೊಡ್ತೀನಿ," ಅಂದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಬೆಂಚಿನ ಮೇಲೆ ಕೂತು ನಾನು ನನ್ನ ಬಲಗೈಯನ್ನು ನೋಡಿದಷ್ಟು ಬೇರೆ ಯಾವತ್ತೂ ನೋಡಿಲ್ಲ. ಕತ್ತರಿಸಿ ಹಾಕಬೇಕು ಅನ್ನಿಸಿತು. ಇದು ಬಾಯಿಮಾತಲ್ಲ.

ಅಕ್ಕ ಬದುಕಿಕೊಂಡಳು. ಕತ್ತಿನಲ್ಲಿ ಒಂದು ತೂತು, ಅದಕ್ಕೆ ತೆಳುಬಟ್ಟೆ. ಕೈಯಲ್ಲಿ ಮಕ್ಕಳ ಸ್ಲೇಟು, ಬಳಪ. ನಾನು ನೋಡಲು ಹೋದಾಗಲೆಲ್ಲ, ಪುಟ್ಟಿ ಆಚೆ ಹೋದ ಕೂಡಲೇ, ಅದರ ಮೇಲೆ ಮೊದಲು ಬರೆಯುತ್ತಿದ್ದದ್ದು "ಹಾಡು?" ಅಂತ. ನಾನು ಪ್ರತಿಸಲ ಒಂದು ನೆಪ ಹೇಳಿದೆ. ಮೆಷಿನ್ ರಿಪೇರಿಯಲ್ಲಿದೆ. ಒಳ್ಳೆಯ ಕ್ಯಾಸೆಟ್ಟು ಸಿಕ್ಕಿಲ್ಲ. ಮೇಷ್ಟ್ರ ಕೆಲಸ ಜಾಸ್ತಿ. ಅವಳು ತಲೆಯಾಡಿಸಿ, ಬಟ್ಟೆಯಿಂದ ಸ್ಲೇಟು ಒರೆಸುತ್ತಿದ್ದಳು. ಅವಳು ಒರೆಸುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆರು ವಾರವಾದ ಮೇಲೆ ಮನೆಗೆ ಹೋಗಿ ಹೇಳಿಬಿಡುತ್ತೇನೆ ಅಂತ ಗಟ್ಟಿ ಮಾಡಿದೆ. ಉಳಿದದ್ದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡೆ. ಆ ಎರಡು ಮಾತು, ಅದರ ಹಿಂದೆ ಹಾಡಿಲ್ಲದ ವಾದ್ಯ. ಆ ಮಾತನ್ನಾದರೂ ಕೊಟ್ಟು, ಕಾಲಿಗೆ ಬಿದ್ದು ನಡೆದದ್ದು ಹೇಳುವುದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬಾಗಿಲು ತೆಗೆದಾಗ ಎಲ್ಲ ಮರೆತುಹೋಯಿತು. ಅಕ್ಕ ತಲೆ ಬಾಚಿಕೊಂಡು, ರೆಕಾರ್ಡಿಂಗ್ ದಿನ ಉಟ್ಟಿದ್ದ ಹೊಸ ಬಟ್ಟೆಯನ್ನೇ ಉಟ್ಟು ಕೂತಿದ್ದಳು. ಎದುರಿಗೆ ಒಂದು ಕುರ್ಚಿ, ಮಗಳಿಗೆ. ನಾನು ಬರುತ್ತೇನೆ ಅಂದದ್ದಕ್ಕೆ ಅವಳು ಬೇರೆಯೇ ಅರ್ಥ ಮಾಡಿಕೊಂಡಿದ್ದಳು.

ಪುಟ್ಟಿ ಕೆಲಸಕ್ಕೆ ರಜ ಹಾಕಿದ್ದಳು. ಹಾಡಿನ ವಿಷಯ ಅವಳಿಗೆ ಅಂದೇ ತಿಳಿದದ್ದು. ಮುಖ ಬಿಗಿಯಾಗಿತ್ತು. ಹದಿನೈದು ವರ್ಷ ತಾಯಿಯ ಹಾಡಿನಿಂದ ಎದ್ದು ಹೋದವಳು, ಈಗ ಕೂರಬೇಕಾಗಿತ್ತು.

ಅಕ್ಕ ಸ್ಲೇಟಿನ ಮೇಲೆ ಬರೆದಳು. "ಅವಳಿಗೆ ಹಾಕು. ನಾನು ಕೇಳಲ್ಲ."

ನಾನು ಹೇಳಬೇಕಾದ ಕ್ಷಣ ಅದೇ. ಬಾಯಿ ತೆರೆದೆ. "ಅಕ್ಕಾ," ಅಂದೆ. ಅವಳು ನನ್ನ ಕಡೆ ನೋಡಿ ನಕ್ಕಳು, ಬೇಗ ಹಾಕು ಅಂತ ಕೈ ಮಾಡಿದಳು. ನಾನು ಹೇಡಿ. ಹೆಡ್‌ಫೋನನ್ನು ಪುಟ್ಟಿಯ ಕಿವಿಗೆ ಹಾಕಿ ಗುಂಡಿ ಒತ್ತಿದೆ.

ಮೊದಲು ಅವಳ ಕಣ್ಣು ದೊಡ್ಡದಾಯಿತು. ಇದು ನಾನೇ ಅನ್ನುವ ಮಾತು ಬಂದಿರಬೇಕು. ಕೈ ತಾನಾಗಿ ಎದ್ದು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿಯಿತು. ಆಮೇಲೆ ಕಾದಳು. ಹಾರ್ಮೋನಿಯಂ ಮುಗಿಯುವಷ್ಟು ಹೊತ್ತು ಕಾದಳು. ಪಲ್ಲವಿಯ ಜಾಗ ಬಂದು ಹೋಯಿತು. ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದಳು. ನಾನು ತಲೆ ಎತ್ತಲಿಲ್ಲ. ಕರಡು ತಿದ್ದುವವಳು, ಏನು ಬಿಟ್ಟುಹೋಗಿದೆ ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಎದುರಿಗೆ ತಾಯಿ ಕೂತಿದ್ದಾಳೆ. ಎರಡೂ ಕೈ ಮಡಿಲಲ್ಲಿ ಹಿಡಿದುಕೊಂಡು ಮಗಳ ಮುಖವನ್ನೇ ನೋಡುತ್ತಿದ್ದಾಳೆ, ಶಾಲೆಯ ಕೋಣೆಯಲ್ಲಿ ಮಗಳು ತನ್ನ ಮುಖ ನೋಡಿದ ಹಾಗೆ.

ಪುಟ್ಟಿ ಹೆಡ್‌ಫೋನ್ ತೆಗೆಯಲಿಲ್ಲ. ಕಣ್ಣು ಮುಚ್ಚಿದಳು. ಮೆಲ್ಲಗೆ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕಲು ಶುರುಮಾಡಿದಳು. ನಾಲ್ಕು ನಿಮಿಷ ಅವಳು ಇಲ್ಲದ ಹಾಡನ್ನು ಕೇಳಿದಳು. ನಡುವೆ ಎಲ್ಲೋ ಕಣ್ಣಲ್ಲಿ ನೀರು ಬಂತು, ಅದು ನಟನೆಯಲ್ಲ. ಮುಗಿದ ಮೇಲೆ ಎದ್ದು ಹೋಗಿ ತಾಯಿಯ ಕಾಲ ಹತ್ತಿರ ನೆಲದ ಮೇಲೆ ಕೂತಳು.

"ಅಮ್ಮಾ, ನೀನೇ. ನಂಗೊತ್ತಾಯ್ತು, ನೀನೇ," ಅಂದಳು.

ಅಕ್ಕ ಸ್ಲೇಟು ತಗೊಂಡಳು. ಬಳಪ ಎರಡು ಸಲ ಕೈಜಾರಿತು. "ಎರಡನೇ ಚರಣದಲ್ಲಿ ದನಿ ಒಡೀತು," ಅಂತ ಬರೆದು ತೋರಿಸಿದಳು.

ಪುಟ್ಟಿ ಅದನ್ನು ಓದಿದಳು. "ಅಲ್ಲೇ ಚೆನ್ನಾಗಿರೋದಮ್ಮ," ಅಂದಳು.

ಅಕ್ಕ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ದನಿಯಿಲ್ಲದೆ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಕತ್ತಿನ ಬಟ್ಟೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ನಾನು ರೆಕಾರ್ಡರನ್ನು ಚೀಲಕ್ಕೆ ತುಂಬಿ ಹೊರಟೆ.

ಪುಟ್ಟಿ ಮೆಟ್ಟಿಲವರೆಗೂ ಬಂದಳು. ಬಾಗಿಲು ಎಳೆದುಕೊಂಡು, ಗೋಡೆ ಹಿಡಿದು ನಿಂತಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಕೈಯ ವಿಷಯ, ಟೀ ವಿಷಯ, ಏಣಿಗೆ ಬಣ್ಣ ಬಳಿಯುತ್ತಿದ್ದವನ ವಿಷಯ ಎಲ್ಲ. ಬೈಯಲಿ, ಹೊಡೆಯಲಿ ಅಂತ ಕಾದೆ.

"ಅವಳಿಗೆ ಯಾವತ್ತೂ ಹೇಳ್ಬೇಡಿ," ಅಂದಳು. "ಸುಳ್ಳುಬುರುಕಿ ಅಂತ ಹೆಸರು ಒಂಬತ್ತನೇ ವಯಸ್ಸಿಗೇ ಬಂದಿತ್ತು ಮಾಮ. ಇವತ್ತು ಆ ಹೆಸರು ನಿಜ ಆಯ್ತು, ಅಷ್ಟೇ."

ಅಕ್ಕನನ್ನೇ ಕೇಳಿ ಆ ರಾಗವನ್ನು ಹಾರ್ಮೋನಿಯಂ ಮೇಲೆ ನುಡಿಸ್ಕೋಬಹುದಲ್ಲ ಅಂದೆ. ಕೇಳಿದ್ರೆ ಯಾಕೆ ಅಂತ ಸ್ಲೇಟಲ್ಲಿ ಬರೀತಾಳೆ, ಹಾಡು ಕೈಯಲ್ಲಿದ್ದವಳು ಯಾಕೆ ಕೇಳ್ಬೇಕು ಅಂದಳು. ಅದೂ ಸರಿಯೇ. ಆ ದಾರಿಯನ್ನೂ ನಾನೇ ಮುಚ್ಚಿದ್ದೆ. ಅಕ್ಕ ಆಮೇಲೆ ಬದುಕಿದ್ದು ಹನ್ನೊಂದು ತಿಂಗಳು. ಅಷ್ಟು ದಿನವೂ ಮಗಳು ಸಂಜೆ ಕೆಲಸದಿಂದ ಬಂದು ಹೆಡ್‌ಫೋನ್ ಹಾಕಿಕೊಂಡು, ತಾಯಿಯ ಎದುರು ಕೂತು ಆ ಕ್ಯಾಸೆಟ್ಟು ಕೇಳುತ್ತಿದ್ದಳಂತೆ. ಅಕ್ಕ ತನ್ನ ಮಗಳು ತನ್ನ ಹಾಡು ಕೇಳುತ್ತಿದ್ದಾಳೆ ಅಂದುಕೊಂಡೇ ಹೋದಳು.

ಆದರೆ ಅವತ್ತು ಮೆಟ್ಟಿಲ ಮೇಲೆ ಪುಟ್ಟಿ ಇನ್ನೊಂದು ಮಾತು ಕೇಳಿದಳು. ನಾನು ನಾಲ್ಕು ಮೆಟ್ಟಿಲು ಇಳಿದಾಗಿತ್ತು.

"ಮಾಮ, ಆ ಹಾಡು ಕೇಳಿರೋರು ಈ ಲೋಕದಲ್ಲಿ ನೀವೊಬ್ಬರೇ. ಹೇಗಿತ್ತು ಹೇಳಿ. ಏನಂತ ಇತ್ತು? ಒಂದು ಸಾಲು ಹೇಳಿ ಸಾಕು."

ನಾನು ನೆನಪು ಮಾಡಿಕೊಂಡೆ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಗಾಜಿನ ಆಚೆ ಅಕ್ಕ ನಿಂತದ್ದು ಬಂತು, ಹೊಸ ಬಟ್ಟೆ ಬಂತು, ನಾನು ಕೈ ಎತ್ತಿದ್ದು ಬಂತು. ಎರಡನೇ ಚರಣದಲ್ಲಿ ದನಿ ಒಡೆದದ್ದೂ ನೆನಪಿತ್ತು, ಯಾಕೆಂದರೆ ಅಲ್ಲಿ ಮುಳ್ಳು ತಟ್ಟನೆ ಕೆಳಗೆ ಬಿದ್ದು ಮತ್ತೆ ಎದ್ದಿತ್ತು. ಆ ಹಾಡಿನ ನಾಲ್ಕೂವರೆ ನಿಮಿಷವೂ ನಾನು ಮುಳ್ಳನ್ನೇ ನೋಡುತ್ತಿದ್ದೆ. ಒಂದೇ ಟೇಕು, ಕೆಡಬಾರದು ಅಂತ ರೆಪ್ಪೆ ಬಡಿಯದೆ ನೋಡಿದ್ದೆ.

ಪುಟ್ಟಿ ಮೇಲೆ ಕಾಯುತ್ತಾ ನಿಂತಿದ್ದಳು. ಅವಳಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಎಲ್ಲೂ ಕೆಂಪು ದಾಟಲಿಲ್ಲ ಪುಟ್ಟಿ," ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.